ನಮ್ಮವರಲ್ಲ, ಏಜೆನ್ಸಿಯವರು

ಬೆಂಗಳೂರಿನ ಯಾವುದಾದರೂ ದೊಡ್ಡ ಟೆಕ್ ಪಾರ್ಕಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಲಿಫ್ಟಿನ ಮುಂದೆ ನಿಂತು ಜನರ ಕೊರಳು ನೋಡಿ. ಬಹಳ ಕಂಪನಿಗಳಲ್ಲಿ ಐಡಿ ಕಾರ್ಡಿನ ಹಗ್ಗ ಎರಡು ಬಣ್ಣದ್ದು. ಒಂದು ಕಾಯಂ ನೌಕರರದ್ದು, ಇನ್ನೊಂದು ಏಜೆನ್ಸಿ ಮೂಲಕ ಬಂದವರದ್ದು. ಇಬ್ಬರೂ ಒಂದೇ ಮಹಡಿಯಲ್ಲಿ ಇಳೀತಾರೆ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂರ್ತಾರೆ, ಅನೇಕ ಸಲ ಒಂದೇ ಕೆಲಸ ಮಾಡ್ತಾರೆ. ಹೀಗೆ ಯಾಕೆ ಅಂತ ಯಾರನ್ನ ಕೇಳಿದರೂ ಒಂದೇ ಪದದ ಉತ್ತರ ಬರುತ್ತೆ: ಫ್ಲೆಕ್ಸಿಬಿಲಿಟಿ. ಕೆಲಸ ಜಾಸ್ತಿ ಇದ್ದಾಗ ಜನ ಬೇಕು, ಇಲ್ಲದಿದ್ದಾಗ ಬೇಡ, ಅಷ್ಟೇ ಸಾರ್ ಅಂತಾರೆ.

ನಾನು ಇಂಥದ್ದೇ ಒಂದು ಕಂಪನಿಯಲ್ಲಿ ತಂಡ ನಡೆಸ್ತೀನಿ. ತಿಂಗಳಿಗೊಮ್ಮೆ ಏಜೆನ್ಸಿಯ ಬಿಲ್ಲು ನನ್ನ ಮುಂದೆ ಬರುತ್ತೆ, ಹಾಜರಾತಿ ನೋಡಿ ಒಪ್ಪಿಗೆ ಕೊಡ್ತೀನಿ. ಆ ಬಿಲ್ಲನ್ನ ವರ್ಷಗಟ್ಟಲೆ ನೋಡಿದವನಾಗಿ ಹೇಳ್ತೀನಿ, ಫ್ಲೆಕ್ಸಿಬಿಲಿಟಿ ಅನ್ನೋ ಉತ್ತರ ಅರ್ಧ ನಿಜ. ಉಳಿದರ್ಧವನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಮೊದಲು ದುಡ್ಡಿನ ಲೆಕ್ಕ. ಏಜೆನ್ಸಿಯ ಹುಡುಗ ಅಂದರೆ ಅಗ್ಗ ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 20,000 ರೂಪಾಯಿ ಸಂಬಳ ಅಂತಿಟ್ಟುಕೊಳ್ಳಿ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಬಾಲಂಗೋಚಿ ಖರ್ಚು ಸೇರಿ ಶೇ. 13, ಅಂದರೆ 2,600. ಇಎಸ್‌ಐ ಶೇ. 3.25, ಅಂದರೆ 650. ಬೋನಸ್ಸು ಶೇ. 8.33ರಂತೆ 1,666. ಇಲ್ಲಿಗೆ 24,916 ಆಯ್ತು. ಏಜೆನ್ಸಿ ತನ್ನ ಶುಲ್ಕ ಶೇ. 6 ಹಾಕಿತು ಅಂದುಕೊಳ್ಳೋಣ, 1,495. ಒಟ್ಟು 26,411. ಅದರ ಮೇಲೆ ಶೇ. 18 ಜಿಎಸ್‌ಟಿ, 4,754. ಕೊನೆಗೆ ಬಿಲ್ಲು 31,165. ಜಿಎಸ್‌ಟಿಯನ್ನ ಬಹಳ ಕಂಪನಿಗಳು ತಮ್ಮ ತೆರಿಗೆ ಲೆಕ್ಕದಲ್ಲಿ ಹಿಂದಕ್ಕೆ ಪಡೀತಾವೆ, ಅದನ್ನ ಬಿಡಿ. ಆದರೂ ಅದೇ ಹುಡುಗನನ್ನ ಅದೇ 20,000ಕ್ಕೆ ನೇರವಾಗಿ ತೆಗೆದುಕೊಂಡಿದ್ದರೆ ಏಜೆನ್ಸಿಯ 1,495 ಉಳೀತಿತ್ತು. ಅಂದರೆ ಕಾನೂನಿನ ಪ್ರಕಾರ ಎಲ್ಲ ಕಟ್ಟುವ ಏಜೆನ್ಸಿಯಾದರೆ, ಅದರ ಮೂಲಕ ಬಂದ ಕೈ ನೇರ ಕೈಗಿಂತ ದುಬಾರಿ.

ಹಾಗಾದರೆ ಕಂಪನಿಗಳಿಗೇನು ತಲೆ ಕೆಟ್ಟಿದೆಯಾ? ಇಲ್ಲ. ನನ್ನ ಲೆಕ್ಕದಲ್ಲಿ ಒಂದು ಮಾತು ಜಾರಿಹೋಗಿದೆ: "ಅದೇ 20,000ಕ್ಕೆ." ನೇರವಾಗಿ ತೆಗೆದುಕೊಂಡರೆ ಅದೇ 20,000 ಕೊಡೋಕೆ ಆಗಲ್ಲ. ಕಂಪನಿಯೊಳಗೆ ಒಂದು ಸಂಬಳದ ಏಣಿ ಇದೆ. ಅದರ ಕೆಳಗಿನ ಮೆಟ್ಟಿಲೇ ಹೊರಗಿನ ಮಾರುಕಟ್ಟೆಗಿಂತ ಎತ್ತರದಲ್ಲಿರುತ್ತೆ. ಅದರ ಜೊತೆ ಅಪ್ಪ ಅಮ್ಮನನ್ನೂ ಸೇರಿಸಿದ ವೈದ್ಯಕೀಯ ವಿಮೆ, ಕ್ಯಾಬು, ವರ್ಷದ ಕೊನೆಯ ಬೋನಸ್ಸು, ಐದು ವರ್ಷಕ್ಕೆ ಗ್ರಾಚ್ಯುಟಿ. ಒಳಗೆ ಬಂದವನಿಗೆ ಇದೆಲ್ಲ ಕೊಡಲೇಬೇಕು. ಪಕ್ಕದ ಸೀಟಿನವನಿಗೆ ಕೊಟ್ಟು ಇವನಿಗೆ ಕೊಡಲಿಲ್ಲ ಅಂದರೆ ಗುಸುಗುಸು ಶುರುವಾಗುತ್ತೆ. ಆದರೆ ಅವನು "ನಮ್ಮವನಲ್ಲ" ಅಂದುಬಿಟ್ಟರೆ ಹೋಲಿಕೆಯೇ ಇಲ್ಲ. ಅವನ ಸಂಬಳ ಈಗ ಸಂಬಳವಲ್ಲ, ರೇಟು.

ಇದು ನನ್ನ ಊಹೆ ಅಲ್ಲ. ಜರ್ಮನಿಯಲ್ಲಿ ಡೆಬೊರಾ ಗೋಲ್ಡ್‌ಶ್ಮಿಟ್ ಮತ್ತು ಯೊಹಾನೆಸ್ ಶ್ಮೀಡರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನ ಅಳೆದು ನೋಡಿ 2017ರಲ್ಲಿ ಪ್ರಕಟಿಸಿದರು. ದೊಡ್ಡ ಕಂಪನಿಗಳು ತಮ್ಮ ಸ್ವಚ್ಛತೆ, ಸೆಕ್ಯುರಿಟಿ, ಅಡುಗೆ, ಸಾಗಾಣಿಕೆ ಕೆಲಸಗಳನ್ನ ಹೊರಗಿನ ಸಂಸ್ಥೆಗೆ ವಹಿಸಿದಾಗ ಅದೇ ಕೆಲಸ ಮುಂದುವರಿಸಿದವರ ಸಂಬಳ ಏನಾಯ್ತು ಅಂತ. ಮುಂದೆ ಸಿಗಬೇಕಿದ್ದ ಸಂಬಳಕ್ಕೆ ಹೋಲಿಸಿದರೆ ಶೇ. 10ರಿಂದ 15ರಷ್ಟು ಕುಸಿತ. ಕೆಲಸ ಬದಲಾಗಿಲ್ಲ, ಕಟ್ಟಡವೂ ಎಷ್ಟೋ ಸಲ ಬದಲಾಗಿಲ್ಲ. ಬದಲಾದದ್ದು ಸಂಬಳದ ಚೀಟಿಯ ಮೇಲಿನ ಹೆಸರು. ಕಂಪನಿ ತನ್ನ ಲಾಭದಲ್ಲಿ ಒಂದು ಪಾಲನ್ನ ಒಳಗಿನವರ ಜೊತೆ ಹಂಚಿಕೊಳ್ತಿತ್ತು. ಪಾಲು ಕೊಡಬೇಕಾದವರ ಪಟ್ಟಿಯನ್ನೇ ಚಿಕ್ಕದು ಮಾಡಿಕೊಂಡಿತು.

ಎರಡನೇ ಕಾರಣ ಇದಕ್ಕಿಂತ ಚಿಲ್ಲರೆ. ಹೊರಗಿನವರಿಗೆ ಹೇಳಿದರೆ ನಂಬಲ್ಲ. ಅದರ ಹೆಸರು ಹೆಡ್‌ಕೌಂಟು. ವರ್ಷದ ಆರಂಭದಲ್ಲಿ ಎಲ್ಲೋ ಮೇಲಿನವರು ನಿಮ್ಮ ತಂಡಕ್ಕೆ 14 ಜನ ಅಂತ ಬರೆದಿಟ್ಟಿರುತ್ತಾರೆ. ಹದಿನೈದನೆಯವರು ಬೇಕು ಅಂದರೆ ಮೂರು ದೇಶದ ಮೂರು ಜನ ಒಪ್ಪಬೇಕು. ಅದೇ ಏಜೆನ್ಸಿಯಿಂದ ನಾಲ್ಕು ಜನ ಬೇಕು ಅಂದರೆ ಒಂದು ಪರ್ಚೇಸ್ ಆರ್ಡರ್ ಸಾಕು, ಕುರ್ಚಿ ಪ್ರಿಂಟರು ತರಿಸಿದ ಹಾಗೆ. ಎಚ್‌ಆರ್ ವಿಭಾಗದ ಬಾಗಿಲು ಮುಚ್ಚಿದ್ದರೆ ಪ್ರೊಕ್ಯೂರ್‌ಮೆಂಟ್ ವಿಭಾಗದ ಬಾಗಿಲಿಂದ ಮನುಷ್ಯರು ಒಳಗೆ ಬರ್ತಾರೆ. "ಈ ವರ್ಷ ನಾವು ನೇಮಕಾತಿ ನಿಲ್ಲಿಸಿದ್ದೇವೆ" ಅಂತ ಹೂಡಿಕೆದಾರರಿಗೆ ಹೇಳಿದ ಮಾತೂ ಸುಳ್ಳಾಗಲ್ಲ, ಕೆಲಸವೂ ನಿಲ್ಲಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ನೋಡಿದ ಏಜೆನ್ಸಿ ನೇಮಕಾತಿಗಳಲ್ಲಿ ಬಹುಪಾಲು ಯಾವ ದೂರಾಲೋಚನೆಯಿಂದಲೂ ಆದದ್ದಲ್ಲ, ಈ ಹಿಂಬಾಗಿಲು ತೆರೆದಿತ್ತು ಅನ್ನೋ ಕಾರಣಕ್ಕೆ ಆದದ್ದು.

ಇಷ್ಟು ಹೇಳಿದ ಕೂಡಲೇ ನನ್ನ ಎಂಬಿಎ ಗೆಳೆಯರು ಕಾನೂನಿನ ಕಡೆ ಬೆರಳು ತೋರಿಸ್ತಾರೆ. ಭಾರತದಲ್ಲಿ ಒಬ್ಬರನ್ನ ಕೆಲಸದಿಂದ ತೆಗೆಯೋದು ಕಷ್ಟ ಕಣೋ, ಅದಕ್ಕೇ ಕಂಪನಿಗಳು ಕಾಯಂ ಮಾಡೋಕೆ ಹೆದರ್ತಾವೆ ಅಂತ. ಕಾರ್ಖಾನೆಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಆಮೇಲೆ ಸೇರಿದ ಒಂದು ಅಧ್ಯಾಯದ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ, ಗಣಿ, ತೋಟಗಳು ಜನರನ್ನ ತೆಗೆಯೋಕೆ ಸರ್ಕಾರದ ಅನುಮತಿ ಕೇಳಬೇಕಿತ್ತು. ಹೊಸ ಸಂಹಿತೆ ಅದನ್ನ 300ಕ್ಕೆ ಏರಿಸಿದೆ. ಸರಿ. ಆದರೆ ಗಮನಿಸಿ: ಕಾರ್ಖಾನೆ, ಗಣಿ, ತೋಟ. ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡ ಈ ಮೂರರಲ್ಲಿ ಯಾವುದೂ ಅಲ್ಲ. ಸಾಲದ್ದಕ್ಕೆ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ ಕೊಡ್ತಾ ಬಂದಿದೆ, 2024ರಲ್ಲೂ ಮತ್ತೆ ಐದು ವರ್ಷ ವಿಸ್ತರಿಸಿತು. ಕಾಯಂ ಇಂಜಿನಿಯರುಗಳನ್ನೇ ಒಂದು ಮಧ್ಯಾಹ್ನದ ವಿಡಿಯೋ ಕಾಲಿನಲ್ಲಿ ಮನೆಗೆ ಕಳಿಸೋ ಉದ್ಯಮ ಇದು. ಇವರಿಗೆ ತೆಗೆಯೋದು ಕಷ್ಟ ಅನ್ನೋ ನೆಪ ಎಲ್ಲಿಂದ ಬಂತು? ಆದರೂ ಇಲ್ಲೂ ಎರಡು ಬಣ್ಣದ ಹಗ್ಗ ಇದೆ.

ಕಾರ್ಖಾನೆಗಳ ಕಡೆಯೂ ಒಂದು ಕಣ್ಣು ಹಾಯಿಸಿ. ಸರ್ಕಾರದ್ದೇ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿ, ಈ ಶತಮಾನದ ಆರಂಭದಲ್ಲಿ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಗುತ್ತಿಗೆಯವರಿದ್ದರು. ಈಗ ಐವರಲ್ಲಿ ಇಬ್ಬರು. ಹಬ್ಬದ ಸೀಸನ್ನಿಗೆ ಜಾಸ್ತಿ ಕೈ ಬೇಕು ಅನ್ನೋದು ಕಾರಣವಾಗಿದ್ದರೆ ಈ ಅಂಕಿ ವರ್ಷದೊಳಗೆ ಏರಿಳಿದು ಎಲ್ಲಿತ್ತೋ ಅಲ್ಲೇ ಇರಬೇಕಿತ್ತು. ಎರಡು ದಶಕ ಒಂದೇ ದಿಕ್ಕಿಗೆ ಏರ್ತಾ ಬಂದಿದೆ. ಇಷ್ಟು ದೀರ್ಘವಾದ ಸೀಸನ್ನು ಯಾವುದು ಸ್ವಾಮಿ?

ಈಗ ನನಗೆ ನಿಜವಾಗಿ ಸಂಕಟ ಕೊಡೋ ಭಾಗಕ್ಕೆ ಬರ್ತೀನಿ.

ಏಜೆನ್ಸಿ ನೌಕರರನ್ನ ಇಟ್ಟುಕೊಂಡ ಕಂಪನಿಗೆ ಒಂದು ಭಯ ಇದೆ. ನಾಳೆ ಇವರು ಕೋರ್ಟಿಗೆ ಹೋಗಿ "ಏಜೆನ್ಸಿ ಬರೀ ಮುಖವಾಡ, ನಮ್ಮ ನಿಜವಾದ ಮಾಲೀಕರು ಇವರೇ" ಅಂದರೆ? ಸುಪ್ರೀಂ ಕೋರ್ಟ್ 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದ್ದು ಇದು: ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾವಾಗಿಯೇ ಕಾಯಂ ಆಗಲ್ಲ, ಆದರೆ ಗುತ್ತಿಗೆ ಬರೀ ತೋರಿಕೆಯದು ಅಂತ ಸಾಬೀತಾದರೆ ಅವರು ಮೂಲ ಕಂಪನಿಯ ನೌಕರರೇ. ತೋರಿಕೆಯದೋ ನಿಜವೋ ಅಂತ ಅಳೆಯೋದು ಹೇಗೆ? 2014ರಲ್ಲಿ ಏರ್ ಇಂಡಿಯಾದ ಕ್ಯಾಂಟೀನ್ ಕಾರ್ಮಿಕರ ಪ್ರಕರಣದಲ್ಲಿ ಕೋರ್ಟು ಪ್ರಶ್ನೆಗಳನ್ನ ಒಂದೆಡೆ ಸೇರಿಸಿ ಹೇಳಿತು. ನೇಮಿಸಿದ್ದು ಯಾರು, ಸಂಬಳ ಕೊಡೋದು ಯಾರು, ಕೆಲಸದಿಂದ ತೆಗೆಯೋ ಅಧಿಕಾರ ಯಾರದ್ದು, ಶಿಸ್ತು ಕ್ರಮ ಯಾರದ್ದು, ಸೇವೆ ನಿರಂತರವಾಗಿದೆಯಾ, ಮೇಲ್ವಿಚಾರಣೆ ಮತ್ತು ಹಿಡಿತ ಎಷ್ಟು. ಆ ಕಾರ್ಮಿಕರು ಸೋತರು ಅನ್ನೋದು ಬೇರೆ ಮಾತು.

ಒಳ್ಳೆ ಪ್ರಶ್ನೆಗಳೇ. ಆದರೆ ಕಂಪನಿಯ ವಕೀಲರ ಕೈಗೆ ಸಿಕ್ಕಿದಾಗ ಇವು ಮ್ಯಾನೇಜರುಗಳಿಗೆ ಕೊಡೋ ಪಾಠವಾಗಿ ಮಾರ್ಪಡ್ತಾವೆ. ಆ ಪಾಠ ನಾನೂ ಕೂತು ಕೇಳಿದ್ದೀನಿ. ಏಜೆನ್ಸಿಯವರಿಗೆ ನೀವು ರಜೆ ಮಂಜೂರು ಮಾಡಬೇಡಿ, ಅವರ ಸೂಪರ್‌ವೈಸರಿಗೆ ಇಮೇಲ್ ಹಾಕಿ. ಕಂಪನಿಯ ಟೀ ಶರ್ಟು ಕೊಡಬೇಡಿ. ವರ್ಷದ ಕೊನೆಯ ವಿಮರ್ಶೆ ಬರೆಯಬೇಡಿ. ಟೀಮ್ ಔಟಿಂಗಿಗೆ ಕರೆಯಬೇಡಿ. "ನಮ್ಮ ತಂಡದ ಸದಸ್ಯೆ" ಅಂತ ಇಮೇಲಿನಲ್ಲಿ ಬರೆಯಬೇಡಿ. ನನ್ನ ತಂಡದಲ್ಲಿ ಮೂರು ವರ್ಷ ಟೆಸ್ಟಿಂಗ್ ಮಾಡಿದ ಹಾಸನದ ಹುಡುಗಿಯೊಬ್ಬಳಿದ್ದಳು. ಒಂದು ರಿಲೀಸ್ ಮುಗಿದಾಗ ಊಟಕ್ಕೆ ಹೋಗೋದು ಅಂತ ಆಯ್ತು. ಅವಳು ಹಿಡಿದ ದೋಷದಿಂದಲೇ ಆ ರಿಲೀಸ್ ಉಳಿದಿತ್ತು. ಬಿಲ್ಲಿನಲ್ಲಿ ಅವಳ ತಲೆ ಲೆಕ್ಕ ಬಂದರೆ ತೊಂದರೆ ಅಂತ ಎಚ್‌ಆರಿನವರು ಮೊದಲೇ ಸೂಚನೆ ಕೊಟ್ಟರು. ನಾವು ಹನ್ನೊಂದು ಜನ ನಮ್ಮ ಕೈಯಿಂದ ದುಡ್ಡು ಹಾಕಿ ಅವಳನ್ನ ಕರೆದುಕೊಂಡು ಹೋದೆವು. "ಬೇಡ ಬಿಡಿ ಸರ್, ನಿಮಗ್ಯಾಕೆ ತೊಂದರೆ, ನಾನು ಡಬ್ಬಿ ತಂದಿದ್ದೀನಿ" ಅಂದಳು. ಅವಳಿಗೆ ನಿಯಮ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇದನ್ನ ಯಾರೋ ಕಲ್ಲೆದೆಯವರು ಹುಟ್ಟುಹಾಕಿದ ಪದ್ಧತಿ ಅಂದುಕೊಳ್ಳಬೇಡಿ. ಇದಕ್ಕೆ ಚರಿತ್ರೆ ಇದೆ. ಅಮೆರಿಕದಲ್ಲಿ 1946ರಲ್ಲಿ ಡೆಟ್ರಾಯಿಟಿನಲ್ಲಿ ಕೆಲ್ಲಿ, 1948ರಲ್ಲಿ ಮಿಲ್ವಾಕಿಯಲ್ಲಿ ಮ್ಯಾನ್‌ಪವರ್ ಶುರುವಾದಾಗ ವ್ಯಾಪಾರ ಸರಳವಾಗಿತ್ತು. ಟೈಪಿಸ್ಟು ರಜೆ ಹಾಕಿದರೆ ಎರಡು ವಾರಕ್ಕೆ ಇನ್ನೊಬ್ಬರು. ತೊಂಬತ್ತರ ದಶಕದ ಹೊತ್ತಿಗೆ ಮೈಕ್ರೋಸಾಫ್ಟಿನಲ್ಲಿ ವರ್ಷಗಟ್ಟಲೆ "ತಾತ್ಕಾಲಿಕ" ಆಗಿದ್ದವರು ಎಷ್ಟಾದರೆಂದರೆ ಅವರಿಗೆ ಪರ್ಮಾಟೆಂಪ್ ಅಂತಲೇ ಹೆಸರು ಬಿತ್ತು. ಅವರು ಹೂಡಿದ ದಾವೆ 2000ದಲ್ಲಿ 97 ಮಿಲಿಯನ್ ಡಾಲರಿಗೆ ರಾಜಿಯಾಯ್ತು. ನ್ಯಾಯ ಸಿಕ್ಕಿತು ಅಂತ ಖುಷಿ ಪಡೋಣ ಅಂದರೆ ಇನ್ನೊಂದು ಸಂಗತಿ ಕೇಳಿ. ರಾಜಿಗೆ ಮೊದಲೇ ಕಂಪನಿ ಹೊಸ ನಿಯಮ ಮಾಡಿತ್ತು. ಏಜೆನ್ಸಿಯವರು ಒಂದು ವರ್ಷ ಕೆಲಸ ಮಾಡಿದ ಮೇಲೆ 100 ದಿನ ಹೊರಗಿರಬೇಕು. ಆಮೇಲೆ ಬೇಕಾದರೆ ಬನ್ನಿ. 2014ರಲ್ಲಿ ಅದು ಹದಿನೆಂಟು ತಿಂಗಳ ಕೆಲಸ, ಆರು ತಿಂಗಳ ವಿರಾಮ ಅಂತ ಆಯ್ತು. ಗೆದ್ದವರ ನಂತರ ಬಂದವರಿಗೆ ಸಿಕ್ಕಿದ್ದು ಕಡ್ಡಾಯ ನಿರುದ್ಯೋಗ. ಬೇರೆ ಬೇರೆ ಬಣ್ಣದ ಬ್ಯಾಡ್ಜು, ಪಾರ್ಟಿಗೆ ಕರೆಯದಿರೋದು ಇವೆಲ್ಲ ನಮ್ಮ ಟೆಕ್ ಪಾರ್ಕಿಗೆ ಬಂದದ್ದು ಇದೇ ದಾರಿಯಲ್ಲಿ. ಕಾನೂನು "ನೀವು ಇವರ ಮಾಲೀಕರ ಹಾಗೆ ನಡೆದುಕೊಳ್ತಿದ್ದೀರಾ?" ಅಂತ ಕೇಳಿತು. ಸಂಬಳ ಕೊಡೋ ಬದಲು ಕಂಪನಿ ಮಾಲೀಕನ ಒಳ್ಳೆ ಗುಣಗಳನ್ನ ಮಾತ್ರ ಬಿಟ್ಟಿತು. ಕೆಲಸ ಹೇಳೋದು, ಗಡುವು ಹಾಕೋದು ಮುಂದುವರಿದಿದೆ. ಊಟಕ್ಕೆ ಕರೆಯೋದು ನಿಂತಿದೆ.

ಕೋಲಾರದ ನರಸಾಪುರಕ್ಕೆ ಹೋಗೋಣ. 2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ಗಾಡಿ ಮಗುಚಿದರು. ಆ ವಾರವೆಲ್ಲ ಟಿವಿಯಲ್ಲಿ ಅದೇ ದೃಶ್ಯ. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ಅಂತಿತ್ತು. ಆಮೇಲೆ ಕಂಪನಿಯೇ ತೈವಾನಿನ ಶೇರುಪೇಟೆಗೆ ಹೇಳಿದ ಅಂಕಿ 26ರಿಂದ 52 ಕೋಟಿಯ ಆಸುಪಾಸು. ನೂರಕ್ಕೂ ಹೆಚ್ಚು ಜನರ ಬಂಧನವಾಯ್ತು. ಹಿಂಸೆಯನ್ನ ನಾನು ಸಮರ್ಥಿಸಲ್ಲ. ಆದರೆ ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅಲ್ಲಿನ ಜೋಡಣೆ. ಐಫೋನಿನದ್ದಲ್ಲ, ಜನರದ್ದು. ಕಾಯಂ ನೌಕರರು ಸಾವಿರದ ಚಿಲ್ಲರೆ, ಗುತ್ತಿಗೆಯವರು ಎಂಟು ಸಾವಿರಕ್ಕೂ ಹೆಚ್ಚು, ಅವರನ್ನ ತಂದದ್ದು ಆರು ಏಜೆನ್ಸಿಗಳು. ಐದು ಸಾವಿರ ಇದ್ದ ಜನ ಕೆಲವೇ ತಿಂಗಳಲ್ಲಿ ಹತ್ತು ಸಾವಿರ ದಾಟಿದ್ದರು. ಕಾರ್ಖಾನೆಗಳ ಇಲಾಖೆಯ ತನಿಖೆಯಲ್ಲಿ ಹೊರಬಂದದ್ದು: ಹಾಜರಾತಿ ಯಂತ್ರ ಸರಿ ಇರಲಿಲ್ಲ, ಅಷ್ಟು ಜನರನ್ನ ನೋಡಿಕೊಳ್ಳೋಕೆ ಕಾರ್ಮಿಕ ಕಾನೂನು ತಿಳಿದ ಎಚ್‌ಆರ್ ಸಿಬ್ಬಂದಿ ಸಾಕಷ್ಟಿರಲಿಲ್ಲ, ಪಾಳಿ ಹನ್ನೆರಡು ಗಂಟೆಯಾಗಿತ್ತು.

ಈಗ ನೀವು ಅಲ್ಲಿನ ಒಬ್ಬ ಹುಡುಗ ಅಂದುಕೊಳ್ಳಿ. ಹೇಳಿದ್ದಕ್ಕಿಂತ ಕಡಿಮೆ ಸಂಬಳ ಬಂದಿದೆ. ಯಾರನ್ನ ಕೇಳ್ತೀರಿ? ಲೈನಿನ ಸೂಪರ್‌ವೈಸರ್ ಏಜೆನ್ಸಿ ಕಡೆ ಕೈ ತೋರಿಸ್ತಾನೆ. ಏಜೆನ್ಸಿಯವನು, ಕಂಪನಿಯಿಂದ ಹಾಜರಾತಿ ಬಂದದ್ದೇ ಹಾಗೆ ಅಂತಾನೆ. ಕಂಪನಿ, ಯಂತ್ರ ಹೇಳಿದ್ದನ್ನ ಕಳಿಸಿದ್ದೇವೆ ಅನ್ನುತ್ತೆ. ಮೇಲಿನ ಆ್ಯಪಲ್, ನಾವು ತಯಾರಕರಲ್ಲ ಅನ್ನುತ್ತೆ. ಯಾರೂ ಸುಳ್ಳು ಹೇಳ್ತಿಲ್ಲ ಅನ್ನೋದೇ ಇದರ ಭಯಂಕರ ಭಾಗ. ನಮ್ಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಅಂತ ಅದು ಸ್ಪಷ್ಟವಾಗಿ ಹೇಳಿತ್ತು. ಅದನ್ನ ಓದಿ ಹೇಳೋಕೆ ಆ ಹುಡುಗನ ಪಕ್ಕದಲ್ಲಿ ಯಾರೂ ಇರಲಿಲ್ಲ. ಗಲಾಟೆಯಾಗಿ ಒಂದು ವಾರಕ್ಕೆ, ಡಿಸೆಂಬರ್ 19ರಂದು, ವಿಸ್ಟ್ರಾನ್ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿರಲಿಲ್ಲ ಅಂತ ಒಪ್ಪಿಕೊಂಡು ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನ ಆ ಸ್ಥಾನದಿಂದ ತೆಗೆಯಿತು. ಆ್ಯಪಲ್ ಅದನ್ನ ನಿಗಾದಲ್ಲಿಟ್ಟು ಹೊಸ ಕೆಲಸ ಕೊಡಲ್ಲ ಅಂತು. ಆಮೇಲೆ ಕಾರ್ಖಾನೆ ಟಾಟಾ ಪಾಲಾಯ್ತು. ಆರು ಏಜೆನ್ಸಿಗಳ ಹೆಸರು ಎಷ್ಟು ಜನಕ್ಕೆ ನೆನಪಿದೆ? ನೆನಪಿರಬಾರದು ಅಂತಲೇ ಅವು ಇರೋದು. ಏಜೆನ್ಸಿಗೆ ಕೊಡೋ ಶೇ. 6 ಬರೀ ಆಳು ಹುಡುಕಿಕೊಟ್ಟದ್ದಕ್ಕೆ ಅಲ್ಲ, ಬೈಗುಳ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ತಡೆದುಕೊಳ್ಳೋದಕ್ಕೂ ಸಂದ ಕೂಲಿ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಆಳು ತರುತ್ತಿದ್ದ ಮೇಸ್ತ್ರಿಯನ್ನ ಅಜ್ಜಂದಿರ ಬಾಯಲ್ಲಿ ಕೇಳಿದ್ದೇವೆ. ಮುಂಗಡ ಕೊಟ್ಟು ಬಯಲುಸೀಮೆಯಿಂದ ಜನ ಕರೆತಂದು ತಲೆಗಿಷ್ಟು ಅಂತ ಪಡೆಯೋನು. ಸಾಹುಕಾರರಿಗೆ ಆಳಿನ ಹೆಸರು ಗೊತ್ತಿರಬೇಕಿಲ್ಲ, ಮೇಸ್ತ್ರಿ ಗೊತ್ತಿದ್ದರೆ ಸಾಕು. ಇವತ್ತಿನ ಮೇಸ್ತ್ರಿ ಶೇರುಪೇಟೆಯಲ್ಲಿದ್ದಾನೆ. ಟೀಮ್‌ಲೀಸ್, ಕ್ವೆಸ್ ಎರಡೂ ಬೆಂಗಳೂರಿನಿಂದಲೇ ಬೆಳೆದವು, 2016ರಲ್ಲಿ ಮಾರುಕಟ್ಟೆಗೆ ಬಂದವು. ಹೋಲಿಕೆಯಲ್ಲಿ ಅನ್ಯಾಯ ಮಾಡಬಾರದು. ದೊಡ್ಡ ಏಜೆನ್ಸಿಯ ಮೂಲಕ ಹೋದ ಹುಡುಗನಿಗೆ ಪಿಎಫ್ ಖಾತೆ ಇರುತ್ತೆ, ಸಂಬಳ ಬ್ಯಾಂಕಿಗೆ ಬರುತ್ತೆ, ಪೇಸ್ಲಿಪ್ ಇರುತ್ತೆ. ಊರಿನ ಅಂಗಡಿಯಲ್ಲಿ ಕೈಗೆ ಕಾಸು ಎಣಿಸಿಕೊಳ್ಳೋ ಅವನ ಗೆಳೆಯನಿಗೆ ಇದ್ಯಾವುದೂ ಇಲ್ಲ. ಹೆರಿಗೆ ರಜೆಯ ಜಾಗಕ್ಕೆ ಆರು ತಿಂಗಳು, ದಸರಾ ದೀಪಾವಳಿ ಸೇಲಿಗೆ ಗೋದಾಮಿನಲ್ಲಿ ಎರಡು ತಿಂಗಳು, ಇಂಥದ್ದಕ್ಕೆ ಏಜೆನ್ಸಿ ಸರಿಯಾದ ದಾರಿಯೇ. ಪರಿಚಯದವರಿಲ್ಲದ ಊರಿನ ಮಕ್ಕಳಿಗೆ ಎಷ್ಟೋ ಸಲ ಅದೇ ಮೊದಲ ಬಾಗಿಲು. ನನ್ನ ತಕರಾರು ಆರು ತಿಂಗಳ ಬಗ್ಗೆ ಅಲ್ಲ, ಹನ್ನೊಂದು ತಿಂಗಳ ಒಪ್ಪಂದವನ್ನ ಆರು ಸಲ ನವೀಕರಿಸೋದರ ಬಗ್ಗೆ.

ಖಾಸಗಿಯವರನ್ನ ಬೈದು ಸರ್ಕಾರವನ್ನ ಬಿಟ್ಟರೆ ತಪ್ಪಾಗುತ್ತೆ. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರು ದಶಕಗಳ ಕಾಲ ಗುತ್ತಿಗೆದಾರನ ಕೈಕೆಳಗಿದ್ದರು. ಕಸ ಒಂದು ದಿನವೂ ತಾತ್ಕಾಲಿಕವಾಗಿರಲಿಲ್ಲ, ಗುಡಿಸುವವರು ಮಾತ್ರ ತಾತ್ಕಾಲಿಕ. 2022ರ ಜುಲೈನಲ್ಲಿ ಮುಷ್ಕರ ಹೂಡಿದ ಮೇಲೆ ಕಾಯಂ ಮಾಡುವ ಮಾತು ಚುರುಕಾಯ್ತು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಜನಕ್ಕೆ ನೇಮಕಾತಿ ಪತ್ರ ಕೊಟ್ಟರು. ಇನ್ನೊಂದು ಕಡೆ, ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರು ಹೋರಾಡಿದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ನಿಯಮದ ಪ್ರಕಾರ ನೇಮಕವಾಗದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂದಿತು. ಹಿಂಬಾಗಿಲ ನೇಮಕಾತಿ ನಿಲ್ಲಲಿ ಅನ್ನೋದು ತೀರ್ಪಿನ ಉದ್ದೇಶ. ನನಗೆ ಕಾಣೋ ಹಾಗೆ ಕಚೇರಿಗಳು ಕಲಿತ ಪಾಠ ಬೇರೆ: ದಿನಗೂಲಿಯವರನ್ನ ನೇರವಾಗಿ ಇಟ್ಟುಕೊಂಡರೆ ತಾನೆ ತಲೆನೋವು, ಡಾಟಾ ಎಂಟ್ರಿಯವರನ್ನ, ಡ್ರೈವರನ್ನ, ಡಿ ಗ್ರೂಪಿನವರನ್ನ ಹೊರಗುತ್ತಿಗೆಯಲ್ಲಿ ತಂದರಾಯ್ತು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಕಂಪನಿಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನ ಬಳಸುವಂತಿಲ್ಲ ಅಂತ ಅದರಲ್ಲಿದೆ. ಓದಿದ ಕೂಡಲೇ ಚಪ್ಪಾಳೆ ತಟ್ಟಬೇಕು ಅನಿಸುತ್ತೆ. ಮುಂದಿನ ಸಾಲು ಓದಿ. ಆ ಕೆಲಸವನ್ನ ಸಾಮಾನ್ಯವಾಗಿ ಗುತ್ತಿಗೆದಾರರ ಮೂಲಕವೇ ಮಾಡಿಸುವ ರೂಢಿ ಇದ್ದರೆ ಬಳಸಬಹುದು. ಸ್ವಚ್ಛತೆ, ಸೆಕ್ಯುರಿಟಿ, ಕ್ಯಾಂಟೀನು ಇವು ಮುಖ್ಯ ಚಟುವಟಿಕೆಯೇ ಅಲ್ಲ. ಗುತ್ತಿಗೆ ಕಾರ್ಮಿಕರಿಗೆ ಸಂಬಂಧಿಸಿದ ನಿಯಮಗಳೆಲ್ಲ ಮೊದಲು 20 ಜನರಿಂದ ಅನ್ವಯಿಸ್ತಿದ್ದವು, ಈಗ 50ರಿಂದ. ಇಪ್ಪತ್ತು ವರ್ಷದಿಂದ ತಪ್ಪು ಮಾಡ್ತಾ ಬಂದಿದ್ದರೆ ಅದು ರೂಢಿ ಅನಿಸಿಕೊಳ್ಳುತ್ತೆ, ರೂಢಿಗೆ ವಿನಾಯಿತಿ ಇದೆ.

ನಿಮ್ಮಲ್ಲಿ ಅನೇಕರು ಈಗಾಗಲೇ ಇಂಥ ಬಿಲ್ಲುಗಳಿಗೆ ಸಹಿ ಹಾಕೋ ಜಾಗದಲ್ಲಿದ್ದೀರಿ, ಉಳಿದವರು ಸದ್ಯದಲ್ಲೇ ಬರ್ತೀರಿ. ಬಿಲ್ಲಿನ ಜೊತೆ ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್ ಲಗತ್ತಿಸಿರಬೇಕು. ಅದರಲ್ಲಿ ನಿಮ್ಮ ತಂಡದವರ ಹೆಸರು ಒಂದೊಂದಾಗಿ ಇದೆಯಾ ನೋಡಿ. ಒಪ್ಪಂದದ ಪ್ರತಿ ತರಿಸಿಕೊಳ್ಳಿ, ಕೇಳಿದರೆ ಕೊಡ್ತಾರೆ. ನಮ್ಮದರಲ್ಲಿ ಏಜೆನ್ಸಿಯನ್ನ ಬಿಡಬೇಕಾದರೆ ಕಂಪನಿ 60 ದಿನ ಮುಂಚೆ ತಿಳಿಸಬೇಕು. ಏಜೆನ್ಸಿ ಕಳಿಸಿದ ಒಬ್ಬರನ್ನ ಬಿಡಬೇಕಾದರೆ ಒಂದು ದಿನ. ನಾನು ಅದನ್ನ 30 ದಿನ ಮಾಡಿ ಅಂತ ಎರಡು ಸಲ ಬರೆದು ಕಳಿಸಿದ್ದೀನಿ. ಪ್ರೊಕ್ಯೂರ್‌ಮೆಂಟಿನವರು, ಅದು ಎಚ್‌ಆರ್ ವಿಷಯ ಅಂತ ಹಿಂದಕ್ಕೆ ಕಳಿಸಿದ್ದಾರೆ. ಎಚ್‌ಆರಿನವರು, ಅವರು ನಮ್ಮ ನೌಕರರಲ್ಲವಲ್ಲ ಅಂದಿದ್ದಾರೆ. ಈ ತಿಂಗಳು ಮತ್ತೆ ಕಳಿಸ್ತಿದ್ದೀನಿ, ಈ ಸಲ ಇಬ್ಬರಿಗೂ ಒಂದೇ ಇಮೇಲಿನಲ್ಲಿ.